ತೂಕ ಇಳಿಸೋಕೆ ಇಸಬ್ಗೋಲ್ ತಗೊಳ್ತೀರಾ? ಹೀಗೆ ತಗೊಳ್ಳಿ

ತಿಪಟೂರಿನಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಬೆಳಿಗ್ಗೆ ನಾನು ಕೂರುತ್ತೇನೆ, ಸಂಜೆ ನನ್ನ ತಮ್ಮ. ಇಸಬ್ಗೋಲ್ ಡಬ್ಬಿ ಮೊದಲೆಲ್ಲ ಒಂದೇ ಕಾರಣಕ್ಕೆ ಹೋಗುತ್ತಿತ್ತು. ವಯಸ್ಸಾದವರು ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ "ಮೋಷನ್ ಸರಿಯಾಗಿ ಆಗ್ತಿಲ್ಲಮ್ಮ" ಅನ್ನುತ್ತಿದ್ದರು. ಈಗ ಕಾಲೇಜು ಮುಗಿಸಿದ ಹುಡುಗಿಯರು ಜೋರಾಗೇ ಕೇಳುತ್ತಾರೆ, "ಅಕ್ಕ, ಸಣ್ಣ ಆಗೋಕೆ ತಗೋತಾರಲ್ಲ, ಆ ಪೌಡರ್ ಕೊಡಿ." ರೀಲ್ಸ್‌ನಲ್ಲಿ ಯಾರೋ ಇದಕ್ಕೆ ಬಡವರ ಒಝೆಂಪಿಕ್ ಅಂತ ಹೆಸರಿಟ್ಟಿದ್ದಾರೆ. ಒಝೆಂಪಿಕ್ ಅಂದರೆ ಶುಗರ್‌ಗೆ ಕೊಡುವ, ತೂಕವನ್ನೂ ಇಳಿಸುವ ಇಂಜೆಕ್ಷನ್.

ಡಬ್ಬಿ ಕೊಟ್ಟು ಚಿಲ್ಲರೆ ಎಣಿಸೋಕೆ ಒಂದು ನಿಮಿಷ ಸಾಕು. ಹೇಗೆ ತಗೊಳ್ಳಬೇಕು ಅಂತ ಹೇಳೋಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುತ್ತಾರೆ. ಹಾಗಾಗಿ ಕೌಂಟರ್‌ನಲ್ಲಿ ಅರ್ಧಕ್ಕೇ ನಿಲ್ಲುವ ಮಾತನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಆದರೆ ಯಾವ ಮಾತ್ರೆ ಜೊತೆ ಏನು ಸೇರಬಾರದು ಅಂತ ನೋಡುವುದು ನನ್ನ ಕೆಲಸವೇ.

ಎಷ್ಟು ಇಳಿಯುತ್ತೆ?

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಸುಮಾರು ಎರಡು ಕೆಜಿ. ಅದೂ ತಿಂಗಳುಗಟ್ಟಲೆ ಸರಿಯಾಗಿ ತಗೊಂಡರೆ. ಅದೂ ಎಲ್ಲರಿಗೂ ಅಲ್ಲ.

ಇಸಬ್ಗೋಲಿನಂಥ, ನೀರಿನಲ್ಲಿ ಕರಗುವ ನಾರಿನ ಪುಡಿಗಳ ಮೇಲೆ ನಡೆದ 12 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಬಂತು. ತೂಕ ಜಾಸ್ತಿ ಇದ್ದ 609 ಜನರ ಲೆಕ್ಕ ಅದು. ಪುಡಿ ತಗೊಂಡವರಲ್ಲಿ ಸರಾಸರಿ ಎರಡೂವರೆ ಕೆಜಿ ಇಳಿದಿತ್ತು. ಮೈಯಲ್ಲಿನ ಕೊಬ್ಬಿನ ಪ್ರಮಾಣ ಇಳಿದದ್ದು ಮಾತ್ರ ಶೇಕಡಾ 0.41. ಇಸಬ್ಗೋಲ್ ಒಂದನ್ನೇ ಹಿಡಿದು 22 ಪ್ರಯೋಗಗಳನ್ನು ನೋಡಿದ 2020ರ ಇನ್ನೊಂದು ವಿಶ್ಲೇಷಣೆ, ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ ಅಂದಿತು. 2023ರಲ್ಲಿ ಮತ್ತೊಂದು ಬಂತು. ಅದರಲ್ಲಿ ಊಟಕ್ಕೆ ಮುಂಚೆ ತಗೊಂಡವರನ್ನು ಹಿಡಿದು ಲೆಕ್ಕ ಹಾಕಿದ್ದರು. ದಿನಕ್ಕೆ ಸುಮಾರು 10 ಗ್ರಾಂ, ಐದು ತಿಂಗಳ ಹತ್ತಿರ. ಇಳಿದದ್ದು 2.1 ಕೆಜಿ, ಸೊಂಟದ ಸುತ್ತಳತೆ 2.2 ಸೆಂಟಿಮೀಟರ್. ಆ ಲೇಖನ ಬರೆದವರಲ್ಲಿ ಅಂಥ ಪೌಡರ್ ಮಾರುವ ಕಂಪನಿಯ ನಂಟಿದ್ದವರೂ ಇದ್ದರು, ಅದೂ ನೆನಪಿರಲಿ.

ಇನ್ನು ಒಝೆಂಪಿಕ್ ಹೋಲಿಕೆ. ಅದರೊಳಗಿರುವ ಸೆಮಾಗ್ಲುಟೈಡ್ ಔಷಧಿಯನ್ನೇ ಜಾಸ್ತಿ ಡೋಸ್‌ನಲ್ಲಿ ತೂಕಕ್ಕೆಂದು ಕೊಟ್ಟ 2021ರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 14.9 ತೂಕ ಇಳಿಯಿತು. 80 ಕೆಜಿ ಇರುವವರಿಗೆ ಅದು 12 ಕೆಜಿ ಆಯಿತು. ಅದೆಲ್ಲಿ, ಈ ಎರಡು ಕೆಜಿ ಎಲ್ಲಿ! ಬಡವರದ್ದೂ ಅಲ್ಲ, ಶ್ರೀಮಂತರದ್ದೂ ಅಲ್ಲ, ಇದು ಬೇರೆಯೇ ವಸ್ತು.

ಹಾಗಾದರೆ ಯಾಕೆ ತಗೊಳ್ಳಬೇಕು ಅಂತೀರಾ? ಹಸಿವು ತಡೆಯೋಕೆ. ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಬಡಿಸಿಕೊಳ್ಳುವ ಕೈಯನ್ನು ಹಿಡಿಯೋಕೆ. ಅದಕ್ಕೆ ಇದು ಪ್ರಯೋಜನಕ್ಕೆ ಬರುತ್ತೆ. ಅದರ ಜೊತೆಗೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಎಲ್‌ಡಿಎಲ್, ಅದು ಸ್ವಲ್ಪ ಇಳಿಯುತ್ತೆ. ಈ ಲಾಭಕ್ಕೆ ತೂಕದ ಲಾಭಕ್ಕಿಂತ ಗಟ್ಟಿ ಪುರಾವೆ ಇದೆ. ದಿನಕ್ಕೆ ಇಸಬ್ಗೋಲಿನ 7 ಗ್ರಾಂ ಕರಗುವ ನಾರು ಹೃದಯಕ್ಕೆ ಒಳ್ಳೆಯದು ಅಂತ ಡಬ್ಬಿ ಮೇಲೆ ಬರೆದುಕೊಳ್ಳೋಕೆ ಅಮೆರಿಕದ ಆಹಾರ, ಔಷಧಿ ನೋಡಿಕೊಳ್ಳುವ ಸಂಸ್ಥೆ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿದೆ.

ಲೋಟದಲ್ಲಿ ಏನಾಗುತ್ತೆ ನೋಡಿ

ಹೊಸಬರು ಯಾರಾದರೂ ಪುರುಸೊತ್ತಾಗಿ ಬಂದರೆ ನಾನು ಇದನ್ನು ತೋರಿಸುತ್ತೇನೆ. ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು. ಅದಕ್ಕೆ ಎರಡು ಚಮಚ ಇಸಬ್ಗೋಲ್ ಹೊಟ್ಟು. ಹಾಕಿದ ಕೂಡಲೇ ತಿಳಿ ಗುಲಾಬಿ ಬಣ್ಣದ ಚೂರುಗಳು ಮೇಲೆ ತೇಲುತ್ತವೆ. ಕಲಕಿದರೆ ನೀರೆಲ್ಲ ಮಬ್ಬಾಗುತ್ತದೆ. ಎರಡು ನಿಮಿಷಕ್ಕೆ ಚಮಚ ತಿರುಗಿಸೋಕೆ ಕೈಗೆ ಸ್ವಲ್ಪ ಭಾರ ಅನ್ನಿಸುತ್ತದೆ. ಹತ್ತು ನಿಮಿಷ ಬಿಟ್ಟು ಲೋಟ ಓರೆ ಮಾಡಿ, ನೀರು ಹರಿಯುವುದಿಲ್ಲ. ಇಡೀ ಲೋಳೆ ಒಂದೇ ಮುದ್ದೆಯಾಗಿ ನಿಧಾನಕ್ಕೆ ಜಾರುತ್ತದೆ. ಚಮಚ ಎತ್ತಿದರೆ ಅದರ ಜೊತೆಗೇ ಎದ್ದು ಬರುತ್ತದೆ.

ಲೋಟದಲ್ಲಿ ಆದದ್ದೇ ಹೊಟ್ಟೆಯಲ್ಲಿ ಆಗಬೇಕು. ಊಟಕ್ಕೆ ಮುಂಚೆ ಕುಡಿದರೆ ಈ ಲೋಳೆ ಊಟದ ಜೊತೆ ಬೆರೆಯುತ್ತದೆ. ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ. ಅನ್ನದ ಸಕ್ಕರೆ ರಕ್ತಕ್ಕೆ ಒಂದೇ ಸಲ ನುಗ್ಗುವುದಿಲ್ಲ. ಅರೆ ಜೀರ್ಣವಾದ ಆಹಾರ ಸಣ್ಣಕರುಳಿನ ಕೊನೆಯ ತನಕ ಹೋದಾಗ ಅಲ್ಲಿಂದ ಜಿಎಲ್‌ಪಿ-1 ಥರದ ಹಾರ್ಮೋನುಗಳು ಹೊರಡುತ್ತವೆ, ಸಾಕು ಅಂತ ಮಿದುಳಿಗೆ ಹೇಳುತ್ತವೆ. ಒಝೆಂಪಿಕ್ ಕೂಡ ಜಿಎಲ್‌ಪಿ-1ರ ದಾರಿಯಲ್ಲೇ ಕೆಲಸ ಮಾಡುತ್ತದೆ, ಅದಕ್ಕೇ ರೀಲ್ಸ್‌ನವರಿಗೆ ಆ ಹೋಲಿಕೆ ಸಿಕ್ಕಿದ್ದು. ಆದರೆ ಇಂಜೆಕ್ಷನ್ ಕೊಡುವ ಹೊಡೆತದ ಮುಂದೆ ಇದು ತೀರಾ ಮೆತ್ತಗೆ.

ಲೋಟ ತೋರಿಸುವುದಕ್ಕೆ ಇನ್ನೂ ಒಂದು ಕಾರಣ ಇದೆ. ನೀರು ಕಡಿಮೆ ಮಾಡಿದರೆ ಈ ಮುದ್ದೆ ಗಂಟಲಲ್ಲೇ ಕಟ್ಟಿಕೊಳ್ಳುತ್ತದೆ. ಚಮಚದಲ್ಲಿ ಒಣ ಪುಡಿ ಬಾಯಿಗೆ ಹಾಕಿಕೊಂಡು ಮೇಲೆ ಎರಡು ಗುಟುಕು ನೀರು ಕುಡಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಉಸಿರು ಕಟ್ಟುವ ಅಪಾಯ ಇದೆ.

"ಇದು ತಿಂದ ಕೊಬ್ಬನ್ನು ಎಳಕೊಂಡು ಹೋಗುತ್ತಂತೆ, ಹೌದಾ?" ಅಂತ ಕೇಳುತ್ತಾರೆ. ಲೆಕ್ಕಕ್ಕೆ ಬರುವಷ್ಟು ಇಲ್ಲ. ತಿಂದ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮೈಗೆ ಹತ್ತದಂತೆ ತಡೆಯುವ ಮಾತ್ರೆ ಬೇರೆ ಇದೆ, ಓರ್ಲಿಸ್ಟಾಟ್. ಅದಕ್ಕೆ ಡಾಕ್ಟರ್ ಬೇಕು, ಅದರ ಫಜೀತಿಗಳೂ ಬೇರೆ. ಇಸಬ್ಗೋಲ್ ಮೈಮೇಲೆ ಈಗಾಗಲೇ ಕೂತ ಬೊಜ್ಜನ್ನು ಕರಗಿಸುವುದೂ ಇಲ್ಲ. ನೀವು ಕಡಿಮೆ ತಿಂದರೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ.

ರಾತ್ರಿ ಹಾಲಿನ ಲೆಕ್ಕ

ನಮ್ಮ ಕಡೆ ಇಸಬ್ಗೋಲ್ ಅಂದರೆ ರಾತ್ರಿ ಊಟ ಆದಮೇಲೆ, ಬಿಸಿ ಹಾಲಿಗೆ, ಎರಡು ಚಮಚ ಸಕ್ಕರೆ ಜೊತೆ. ಬೆಳಿಗ್ಗೆ ಹೊಟ್ಟೆ ಖಾಲಿಯಾಗೋಕೆ ಅದು ಸರಿ. ತೂಕಕ್ಕೆ ಮಾತ್ರ ಏನೂ ಪ್ರಯೋಜನ ಇಲ್ಲ. ಊಟ ಆಗಲೇ ಒಳಗೆ ಹೋಗಿದೆ, ಇನ್ನು ಹಸಿವು ತಡೆದು ಏನು ಮಾಡೋದು? ಮೇಲಿಂದ ಹಾಲು ಸಕ್ಕರೆಯ ಸುಮಾರು 150 ಕ್ಯಾಲರಿ ಜಾಸ್ತಿ. ತಿಂಗಳಿಂದ ತಗೋತಿದೀನಿ, ತೂಕ ಏರಿತೇ ಹೊರತು ಇಳೀಲಿಲ್ಲ ಅಂತ ಬರುವವರನ್ನು ಕೇಳಿ ನೋಡಿದರೆ ಬಹಳ ಸಲ ಇದೇ ಕಥೆ.

ತೂಕಕ್ಕೆ ಅಂತ ತಗೊಳ್ಳುವುದಾದರೆ ಊಟಕ್ಕೆ 15ರಿಂದ 30 ನಿಮಿಷ ಮುಂಚೆ, ನೀರಿನಲ್ಲಿ. ಅದರಲ್ಲೂ ನಿಮ್ಮ ಕೈ ಯಾವ ಊಟದಲ್ಲಿ ಜಾಸ್ತಿ ಓಡುತ್ತೋ ಆ ಊಟಕ್ಕೆ ಮುಂಚೆ. ನನಗೆ ಅದು ರಾತ್ರಿ. ಅಂಗಡಿಯಿಂದ ಮಧ್ಯಾಹ್ನ ಹೋಗಿ ಏನೋ ಒಂದಿಷ್ಟು ತಿಂದಿರುತ್ತೇನೆ, ರಾತ್ರಿ ಹಸಿವು ಸೇರಿಸಿ ಬಾರಿಸುತ್ತೇನೆ. ಟೀಚರ್‌ಗಳಿಗೆ ಸಂಜೆ ನಾಲ್ಕೂವರೆ, ಸ್ಕೂಲ್ ಬಿಟ್ಟು ಬಂದ ಕೂಡಲೇ ಬೋಂಡಾ ಕಾಫಿ ಹೊತ್ತು. ಕೆಲವರಿಗೆ ಬೆಳಿಗ್ಗೆ ತಿಂಡಿ. ಮೂರು ಊಟಕ್ಕೂ ಮೂರು ಲೋಟ ಅಂತ ಶುರು ಮಾಡಿದವರು ಸಾಮಾನ್ಯವಾಗಿ ವಾರದೊಳಗೆ ಬಿಟ್ಟುಬಿಡುತ್ತಾರೆ.

ಡಬ್ಬಿ ಆರಿಸುವಾಗ

ಇಸಬ್ಗೋಲ್ ನಮ್ಮ ದೇಶದ್ದೇ ಬೆಳೆ. ಗುಜರಾತ್, ರಾಜಸ್ಥಾನದ ಕಡೆ ಚಳಿಗಾಲದಲ್ಲಿ ಬೆಳೆಯುತ್ತಾರೆ, ಗುಜರಾತಿನ ಊಂಝಾ ಅದರ ದೊಡ್ಡ ಮಾರುಕಟ್ಟೆ. ಬೀಜ ಗಿರಣಿಗೆ ಹೋಗಿ ಮೇಲಿನ ತೆಳು ಸಿಪ್ಪೆ ಬೇರೆಯಾಗುತ್ತದೆ, ನಾವು ಕುಡಿಯುವುದು ಆ ಸಿಪ್ಪೆಯನ್ನು. ಪ್ರಪಂಚಕ್ಕೆಲ್ಲ ಹೋಗುವುದು ಬಹುಪಾಲು ಇಲ್ಲಿಂದಲೇ, ಜಾಸ್ತಿ ಕೊಳ್ಳುವವರು ಅಮೆರಿಕದವರು. ಅಲ್ಲಿ ಹೋಗಿ ಚಂದದ ಡಬ್ಬಿ ಹಾಕಿಕೊಂಡು ಬಂದ ಮಾಲಿಗೆ ಆನ್‌ಲೈನ್‌ನಲ್ಲಿ ದುಬಾರಿ ದುಡ್ಡು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಮುಂದೆ ಬರೆದದ್ದನ್ನು ಬಿಡಿ, ಡಬ್ಬಿ ಹಿಂದೆ ತಿರುಗಿಸಿ ಓದಿ. ಇಸಬ್ಗೋಲ್ ಹೊಟ್ಟು ಅಂತ ಒಂದೇ ಪದಾರ್ಥ ಇರಬೇಕು. ಆರೆಂಜ್, ನಿಂಬೆ ಫ್ಲೇವರ್ ಇರುವವುಗಳಲ್ಲಿ ಕೆಲವಕ್ಕೆ ಸಕ್ಕರೆ ಹಾಕಿರುತ್ತಾರೆ. ಕೆಲವಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತೆ. ಶುಗರ್ ಇರುವವರು ಅದನ್ನು ಮುಟ್ಟಲೇಬಾರದು.

ಇನ್ನೂ ಮುಖ್ಯ, ಸೋನಾಮುಖಿ ಇದೆಯಾ ಅಂತ ನೋಡಿ. ತೂಕ ಇಳಿಸುವ ಚೂರ್ಣ, ಡಿಟಾಕ್ಸ್ ಟೀ ಅಂತ ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಅದು ಇರುತ್ತದೆ. ಅದು ನಾರಲ್ಲ, ಭೇದಿ ಮಾಡಿಸುವ ಸೊಪ್ಪು. ಮೂರು ದಿನಕ್ಕೆ ಒಂದೂವರೆ ಕೆಜಿ ಇಳಿಯಿತು ಅಂತ ಖುಷಿ ಪಡುತ್ತಾರೆ. ಹೋದದ್ದು ನೀರು ಮತ್ತೆ ಹೊಟ್ಟೆಯಲ್ಲಿದ್ದದ್ದು. ಕೊಬ್ಬು ಇದ್ದಲ್ಲೇ ಇರುತ್ತದೆ. ದಿನಾ ತಗೊಂಡರೆ ಪೊಟ್ಯಾಸಿಯಂ ಕೂಡ ಇಳಿದು ಸುಸ್ತು, ಕಾಲು ಸೆಳೆತ ಶುರುವಾಗುತ್ತದೆ.

ಹೊಟ್ಟೋ ನುಣ್ಣಗಿನ ಪುಡಿಯೋ? ಎರಡೂ ಒಂದೇ, ಆದರೆ ಚಮಚದ ಅಳತೆ ಬೇರೆ. ಹೊಟ್ಟು ಹಗುರ, ಪುಡಿ ಭಾರ. ಯಾರೋ ಹೊಟ್ಟಿಗೆ ಹೇಳಿದ ಚಮಚದ ಲೆಕ್ಕವನ್ನು ಪುಡಿಗೆ ಹಾಕಿದರೆ ಹೆಚ್ಚೂಕಡಿಮೆ ಎರಡು ಪಟ್ಟು ಬೀಳಬಹುದು. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಒಂದು ಸಲ 5 ಗ್ರಾಂ ತೂಗಿ ನೋಡಿ, ನಿಮ್ಮ ಚಮಚಕ್ಕೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗಲಿ. ಹೊಟ್ಟು ಆದರೆ ಸಾಂಬಾರ್ ಬಡಿಸುವುದಲ್ಲ, ಮಾಪಿನ ಟೇಬಲ್ ಚಮಚದಲ್ಲಿ ಒಂದು ಸಮ ಚಮಚ ಹತ್ತಿರ ಹತ್ತಿರ 5 ಗ್ರಾಂ ಆಗುತ್ತದೆ. ಅದರಲ್ಲಿ 4 ಗ್ರಾಂ ನಾರು.

ಕುಡಿಯುವ ಕ್ರಮ

ಮೊದಲ ವಾರ ಒಂದು ಟೀ ಚಮಚ, ದಿನಕ್ಕೆ ಒಂದೇ ಸಲ. ಹೊಟ್ಟೆ ಉಬ್ಬರ, ಗ್ಯಾಸ್ ಏನೂ ಇಲ್ಲದಿದ್ದರೆ ಎರಡನೇ ವಾರ 5 ಗ್ರಾಂ. ಮೂರನೇ ವಾರದಿಂದ ಬೇಕಾದರೆ ಇನ್ನೊಂದು ಊಟಕ್ಕೂ 5 ಗ್ರಾಂ. ದಿನಕ್ಕೆ 10 ಗ್ರಾಂ ಆಯಿತಲ್ಲ, ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಕುಡಿದರೆ ಜಾಸ್ತಿ ಇಳಿಯುತ್ತೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದೊಡ್ಡ ಲೋಟದಲ್ಲಿ 250 ಎಂಎಲ್ ತಣ್ಣೀರು ತಗೊಳ್ಳಿ. ಬಿಸಿ ನೀರಿಗೆ ಹಾಕಿದರೆ ಬೇಗ ಗಟ್ಟಿಯಾಗಿ ಕುಡಿಯೋಕೆ ಕಷ್ಟ. ಹೊಟ್ಟು ಉದುರಿಸಿ, ಒಂದು ಹತ್ತು ಸುತ್ತು ಕಲಕಿ, ಒಂದೇ ಉಸಿರಿಗೆ ಕುಡಿದುಬಿಡಿ. ತಳದಲ್ಲಿ ಅಂಟಿಕೊಂಡದ್ದಕ್ಕೆ ಮತ್ತೆ ಅರ್ಧ ಲೋಟ ನೀರು ಹಾಕಿ ಅದನ್ನೂ ಕುಡಿಯಿರಿ. ನೀರು ಹಿಡಿಸದವರು ತೆಳು ಮಜ್ಜಿಗೆಯಲ್ಲಿ ಕುಡಿಯಬಹುದು, ಉಪ್ಪು ಜೀರಿಗೆ ಹಾಕಿದರೆ ರುಚಿಯೂ ಪರವಾಗಿಲ್ಲ. ಕುಡಿದ ಕೂಡಲೇ ಮಲಗಬೇಡಿ.

ಇಡೀ ದಿನ ನೀರು ಎಷ್ಟು ಕುಡಿಯುತ್ತೀರಿ ಅನ್ನುವುದೂ ನೋಡಿಕೊಳ್ಳಿ. ಇಸಬ್ಗೋಲ್ ಶುರು ಮಾಡಿ ನೀರು ಮರೆತವರಿಗೆ ಮಲಬದ್ಧತೆ ಇನ್ನೂ ಜಾಸ್ತಿಯಾಗುತ್ತದೆ.

ಆಮೇಲೆ ತಟ್ಟೆ. ಇದು ನಿಜವಾದ ಕೆಲಸ ನಡೆಯುವ ಜಾಗ. ಲೋಟ ಕುಡಿದು, ಹೊಟ್ಟೆ ತುಂಬಿದ ಹಾಗಾಗಿ, ಆದರೂ ಅಭ್ಯಾಸಕ್ಕೆ ಅಷ್ಟೇ ಅನ್ನ ತಿಂದರೆ ಏನೂ ಇಳಿಯಲ್ಲ. ಮೊದಲೇ ಕಡಿಮೆ ಬಡಿಸಿಕೊಳ್ಳಿ. ಒಂದು ಬಟ್ಟಲು ಅನ್ನ ಬಿಟ್ಟರೆ ಸುಮಾರು 200 ಕ್ಯಾಲರಿ ಉಳಿಯಿತು. ತಿಂಗಳಿಗೆ 6,000. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಅನ್ನುವ ಲೆಕ್ಕ ಹಿಡಿದರೆ ಮುಕ್ಕಾಲು ಕೆಜಿ ಆಯಿತು. ಕಾಗದದ ಮೇಲೆ ಇಷ್ಟು, ಮೈಮೇಲೆ ಇನ್ನೂ ಕಡಿಮೆ. ಏಕೆಂದರೆ ದೇಹವೂ ತನ್ನ ಖರ್ಚನ್ನು ಸ್ವಲ್ಪ ಬಿಗಿ ಮಾಡಿಕೊಳ್ಳುತ್ತದೆ, ನಾವೂ ಸಂಜೆ ಒಂದು ನಿಪ್ಪಟ್ಟು ಜಾಸ್ತಿ ತಿಂದಿರುತ್ತೇವೆ.

ಮಾತ್ರೆ ತಗೊಳ್ಳುವವರು ಇದನ್ನು ಬಿಡದೆ ಓದಿ

ನಮ್ಮಲ್ಲಿಗೆ ಬರುವ ಒಬ್ಬ ಟೀಚರ್‌ಗೆ ಥೈರಾಯ್ಡ್. ಬೆಳಿಗ್ಗೆ ಖಾಲಿ ಹೊಟ್ಟೆಗೆ 50 ಮೈಕ್ರೋಗ್ರಾಂ ಮಾತ್ರೆ. ರಕ್ತದ ಟೆಸ್ಟ್‌ನಲ್ಲಿ ಚೆನ್ನಾಗೇ ಇದ್ದ ಟಿಎಸ್‌ಎಚ್ ಒಂದು ಸಲ ಏರಿತು, ಅಂದರೆ ಮಾತ್ರೆ ಸಾಲುತ್ತಿಲ್ಲ ಅಂತ ಲೆಕ್ಕ, ಡೋಸ್ 75ಕ್ಕೆ ಹೋಯಿತು. ಹೊಸ ಚೀಟಿ ತಂದ ದಿನ ಜೊತೆಗೆ ಇಸಬ್ಗೋಲನ್ನೂ ಕೇಳಿದರು.

"ಮೇಡಂ, ಇದನ್ನ ಯಾವಾಗ ತಗೋತೀರಾ?" ಅಂದೆ.

"ಬೆಳಿಗ್ಗೇನೇ ಕಣ್ರೀ. ಮಾತ್ರೆ ನುಂಗೋಕೆ ಹೇಗೂ ನೀರು ಬೇಕಲ್ಲ, ಅದರಲ್ಲೇ ಕಲಸ್ಕೋತೀನಿ. ಎರಡು ಕೆಲಸ ಒಟ್ಟಿಗೆ."

ಲೋಳೆಯೊಳಗೆ ಸಿಕ್ಕ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಇಸಬ್ಗೋಲನ್ನು ರಾತ್ರಿ ಊಟದ ಮುಂಚೆಗೆ ಹಾಕಿಕೊಳ್ಳಿ, ಈ ವಿಷಯ ಡಾಕ್ಟರ್‌ಗೂ ಹೇಳಿ ಅಂದೆ. ಡಾಕ್ಟರ್ ಡೋಸ್ ಮತ್ತೆ 50ಕ್ಕೇ ಇಳಿಸಿ, ಆರು ವಾರ ಬಿಟ್ಟು ಟೆಸ್ಟ್ ಮಾಡಿಸಿದರು. ಸರಿಹೋಗಿತ್ತು. ಡೋಸನ್ನು ನೀವಾಗೇ ಇಳಿಸೋಕೆ ಹೋಗಬೇಡಿ ಮತ್ತೆ. ಹೊತ್ತು ಬದಲಾಯಿಸುವುದು ನಿಮ್ಮ ಕೈಲಿದೆ, ಡೋಸ್ ಡಾಕ್ಟರ್ ಕೈಲಿದೆ.

ಯಾವ ಮಾತ್ರೆಯಾದರೂ ಸರಿ, ಇಸಬ್ಗೋಲಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೆ ಇನ್ನೂ ಜಾಸ್ತಿ ಇಟ್ಟರೆ ಒಳ್ಳೆಯದು. ಕಬ್ಬಿಣದ ಮಾತ್ರೆ, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ರಕ್ತ ತೆಳು ಮಾಡುವ ವಾರ್ಫರಿನ್, ಇವುಗಳಲ್ಲಿ ಯಾವುದಿದ್ದರೂ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ. ಇಲ್ಲಿ ಮಾತ್ರೆ ಸ್ವಲ್ಪ ಹೆಚ್ಚುಕಮ್ಮಿ ಮೈಗೆ ಹತ್ತಿದರೂ ತೊಂದರೆ.

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತಗೊಳ್ಳುವವರಿಗೆ ಊಟದ ನಂತರದ ಶುಗರ್ ಸ್ವಲ್ಪ ಇಳಿಯಬಹುದು. ಜೊತೆಗೆ ಊಟವನ್ನೂ ಕಡಿಮೆ ಮಾಡುತ್ತೀರಿ. ಎರಡೂ ಸೇರಿ ಲೋ ಶುಗರ್ ಆಗದಂತೆ ಮೊದಲೆರಡು ವಾರ ಗ್ಲುಕೋಮೀಟರ್ ಹತ್ತಿರ ಇಟ್ಟುಕೊಳ್ಳಿ.

2025ರಲ್ಲಿ ಮೌಂಜಾರೊ, ವೆಗೋವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೂ ಬಂದವು. ಅವನ್ನು ಚುಚ್ಚಿಸಿಕೊಳ್ಳುವವರಲ್ಲಿ ಮಲಬದ್ಧತೆ ಸಾಮಾನ್ಯ, ಅದಕ್ಕೆ ಇಸಬ್ಗೋಲ್ ಕೇಳುತ್ತಾರೆ. ಆ ಇಂಜೆಕ್ಷನ್ನೇ ಹೊಟ್ಟೆಯನ್ನು ನಿಧಾನ ಮಾಡುತ್ತದೆ. ಅದರ ಮೇಲೆ ಈ ಲೋಳೆ ಬಿದ್ದರೆ ವಾಕರಿಕೆ, ಹೊಟ್ಟೆ ಭಾರ ಜಾಸ್ತಿಯಾಗಬಹುದು. ನೀರೂ ಸರಿಯಾಗಿ ಸೇರುತ್ತಿರುವುದಿಲ್ಲ. ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಕೊಡೋಕೆ ನನಗೆ ಮನಸ್ಸು ಬರುವುದಿಲ್ಲ.

ಕೆಲವರಿಗೆ ನಾನು ಡಬ್ಬಿ ಕೊಡುವುದೇ ಇಲ್ಲ. ನುಂಗೋಕೆ ಕಷ್ಟ ಇರುವವರು, ಪಾರ್ಶ್ವವಾಯು ಆಗಿ ಗಂಟಲು ಸರಿಯಿಲ್ಲದವರು. ಹಿಂದೆ ಕರುಳಿನ ಆಪರೇಷನ್ ಆಗಿ ದಾರಿ ಕಿರಿದಾಗಿದೆ ಅಂತ ಹೇಳಿಸಿಕೊಂಡವರು. ಹೊಟ್ಟೆ ನೋವು, ವಾಂತಿ, ಗ್ಯಾಸ್ ಕೂಡ ಹೋಗದೆ ಕೂತವರು. ಮಲದಲ್ಲಿ ರಕ್ತ ಕಂಡವರು, ಏನೂ ಮಾಡದೆ ತೂಕ ತಾನಾಗೇ ಇಳಿಯುತ್ತಿರುವವರು. ಇವರೆಲ್ಲ ಮೊದಲು ಆಸ್ಪತ್ರೆಗೆ ಹೋಗಬೇಕು. ಕಿಡ್ನಿ, ಹಾರ್ಟ್ ತೊಂದರೆಗೆ ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಹಾಕಿಸಿಕೊಂಡವರಿಗೂ ಇದು ಸುಮ್ನೆ ಕುಡಿಯುವ ವಸ್ತುವಲ್ಲ.

ಇನ್ನೊಂದು ಚಿಕ್ಕ ಮಾತು. ಇದರ ಧೂಳು ಕೆಲವರಿಗೆ ಅಲರ್ಜಿ. ಆಸ್ಪತ್ರೆ, ಫಾರ್ಮಸಿಗಳಲ್ಲಿ ದಿನಾ ಇದನ್ನು ಅಳೆದು ಕೊಡುವವರಿಗೆ ಆಸ್ತಮಾ ಬಂದದ್ದೂ ಇದೆ. ಡಬ್ಬಿ ಬಗ್ಗಿಸುವಾಗ ಮುಖ ಸ್ವಲ್ಪ ದೂರ ಇರಲಿ. ಕುಡಿದ ಮೇಲೆ ಮೈ ದದ್ದು, ಉಸಿರಾಟಕ್ಕೆ ಕಷ್ಟ ಆದರೆ ಮತ್ತೆ ಮುಟ್ಟಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ತಕ್ಕಡಿಗಿಂತ ಟೇಪ್ ನಂಬಿ

ಶುರು ಮಾಡಿದ ವಾರ ತೂಕ ಅರ್ಧ ಕೆಜಿ ಏರಿದರೂ ಹೆದರಬೇಡಿ. ಕರುಳಲ್ಲಿ ನೀರು ಹಿಡಿದ ಲೋಳೆ ಇದೆ, ಅದರ ತೂಕ ಅದು. ಮಲಬದ್ಧತೆ ಇದ್ದವರಿಗೆ ಉಲ್ಟಾ, ಮೊದಲ ವಾರವೇ ತೂಕ ಇಳಿಯುತ್ತದೆ. ಅದೂ ಕೊಬ್ಬಲ್ಲ, ಅದಕ್ಕೆ ಸಂಭ್ರಮ ಬೇಡ.

ಬೊಜ್ಜು ಕಡಿಮೆ ಆಯಿತಾ ಅಂತ ತಿಳಿಯೋಕೆ ದರ್ಜಿಯ ಟೇಪ್ ಸಾಕು. ಪಕ್ಕೆಲುಬಿನ ಕೆಳ ತುದಿಯನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿಂದ ಒತ್ತಿ ಹುಡುಕಿ. ಎರಡರ ನಡುಮಧ್ಯೆ ಟೇಪ್ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟು, ಓದಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ. ನಮ್ಮ ಜನಕ್ಕೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ ಇದೆ ಅಂತ ಲೆಕ್ಕ. ಸೀರೆ ಉಡುವ ಜಾಗದಲ್ಲಿ ಅಳೆದರೆ ಬೇರೆಯೇ ನಂಬರ್ ಬರುತ್ತದೆ, ಗಮನ ಇರಲಿ.

ಮೂರು ತಿಂಗಳು ನೋಡಿ. ಟೇಪ್ ಅಲ್ಲಾಡಿಲ್ಲ, ಹಸಿವೂ ಕಡಿಮೆ ಆಗಿಲ್ಲ ಅಂದರೆ ನಿಮಗೆ ಇದು ಕೆಲಸ ಮಾಡುತ್ತಿಲ್ಲ. ನಿಲ್ಲಿಸಿ. ದಿನಕ್ಕೆ 10 ಗ್ರಾಂ ಅಂದರೆ 100 ಗ್ರಾಂ ಡಬ್ಬಿ ಹತ್ತೇ ದಿನ, ದುಡ್ಡು ಸುಮ್ನೆ ಯಾಕೆ ಹಾಕ್ತೀರಾ?

ಬೇರೆ ಪುಡಿಗಳು, ಬಿಸ್ಕತ್ತು, ಮತ್ತೆ ನಮ್ಮ ಮುದ್ದೆ

ಇನುಲಿನ್ ಅಂತ ಒಂದಿದೆ, ಚಿಕೋರಿ ಬೇರಿನಿಂದ ತೆಗೆಯುತ್ತಾರೆ. ಅದು ಲೋಳೆಯಾಗುವುದಿಲ್ಲ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವಕ್ಕೆ ಒಳ್ಳೆಯದೇ, ಆದರೆ ಗ್ಯಾಸ್ ಜಾಸ್ತಿ. ಬಸ್ಸಿನಲ್ಲಿ ಓಡಾಡುವವರಿಗೆ ನಾನು ಹೇಳುವುದಿಲ್ಲ.

ಗ್ಲುಕೋಮನ್ನಾನ್ ಕೊಂಜಾಕ್ ಗೆಡ್ಡೆಯದ್ದು. ನಮ್ಮ ಸುವರ್ಣಗೆಡ್ಡೆಯ ಕುಲದ್ದೇ ಗಿಡ. ಊಟಕ್ಕೆ ಮುಂಚೆ ಒಂದೊಂದು ಗ್ರಾಂನಂತೆ ದಿನಕ್ಕೆ ಮೂರು ಗ್ರಾಂ, ಒಂದೆರಡು ಲೋಟ ನೀರಿನ ಜೊತೆ ತಗೊಂಡು, ಊಟವನ್ನೂ ಕಡಿಮೆ ಮಾಡಿದರೆ ತೂಕ ಇಳಿಯೋಕೆ ಸಹಾಯ ಆಗುತ್ತೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಿತು. ಆದರೆ ಅದು ಇಸಬ್ಗೋಲಿಗಿಂತಲೂ ಜೋರಾಗಿ ಉಬ್ಬುತ್ತದೆ. ಅದರ ಮಾತ್ರೆಗಳು ಗಂಟಲಲ್ಲಿ ಸಿಕ್ಕಿಕೊಂಡ ಕಾರಣಕ್ಕೆ ಆಸ್ಟ್ರೇಲಿಯಾ 1980ರ ದಶಕದಲ್ಲೇ ಮಾತ್ರೆ ರೂಪವನ್ನು ನಿಷೇಧಿಸಿತು. ಆನ್‌ಲೈನ್‌ನಲ್ಲಿ ಮಾತ್ರೆಯಾಗಿ ಕಂಡರೆ ಬಿಟ್ಟುಬಿಡಿ.

ಹೈ ಫೈಬರ್ ಬಿಸ್ಕತ್ತಿನದು ಇನ್ನೊಂದು ತಮಾಷೆ. ನಮ್ಮ ಆಹಾರ ನಿಯಮದ ಪ್ರಕಾರ 100 ಗ್ರಾಂಗೆ 6 ಗ್ರಾಂ ನಾರಿದ್ದರೆ ಹೈ ಫೈಬರ್ ಅಂತ ಬರೆಯಬಹುದು. 15 ಗ್ರಾಂನ ಒಂದು ಬಿಸ್ಕತ್ತಿಗೆ ಹೆಚ್ಚೂಕಡಿಮೆ ಒಂದು ಗ್ರಾಂ ನಾರು, ಜೊತೆಗೆ 70 ಕ್ಯಾಲರಿ. ಎರಡು ಟೇಬಲ್ ಚಮಚ ಇಸಬ್ಗೋಲಿನ ನಾರಿಗೆ ಒಂಬತ್ತು ಬಿಸ್ಕತ್ತು ತಿನ್ನಬೇಕು. 600 ಕ್ಯಾಲರಿ!

ಅದೇ ನಾರನ್ನು ತಟ್ಟೆಯಿಂದ ತಗೊಳ್ಳುವುದು ಎಷ್ಟೋ ಮೇಲು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ಬರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 11 ಗ್ರಾಂ ನಾರು, ಪಾಲಿಶ್ ಅಕ್ಕಿಗೆ 3 ಗ್ರಾಂ ಕೂಡ ಇಲ್ಲ. ಇಡೀ ಹೆಸರುಕಾಳಿಗೆ 17, ಕಡಲೆಕಾಳಿಗೆ 25, ನುಗ್ಗೆಸೊಪ್ಪಿಗೆ 8. ಸೀಬೆಹಣ್ಣಿಗೂ 8 ಗ್ರಾಂ ಮೇಲೆ. ರಾಗಿಯ ನಾರು ಬಹುಪಾಲು ನೀರಿನಲ್ಲಿ ಕರಗದ ಜಾತಿಯದ್ದು, ಇಸಬ್ಗೋಲಿನ ಹಾಗೆ ಲೋಳೆ ಕಟ್ಟುವುದಿಲ್ಲ. ಆದರೂ ಮುದ್ದೆ, ಹೆಸರುಕಾಳು ಸೊಪ್ಪಿನ ಬಸ್ಸಾರು, ಪಲ್ಯ ಅಂತ ಕೂತರೆ ಒಂದೇ ಊಟದಲ್ಲಿ ದಿನದ ಅರ್ಧಕ್ಕಿಂತ ಜಾಸ್ತಿ ನಾರು ಮುಗಿಯುತ್ತದೆ. ಬಾಯಿಗೆ ರುಚಿ ಬೇರೆ.

ಬೊಜ್ಜು ಬರದ ಹಾಗೆ ತಡೆಯುವ ವಿಷಯದಲ್ಲೂ ಊಟದ ನಾರಿನ ಕಡೆಯೇ ನನ್ನ ಓಟು. ಅಮೆರಿಕದಲ್ಲಿ ಐದು ವರ್ಷ ಜನರನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಕರಗುವ ನಾರು ಜಾಸ್ತಿ ತಿನ್ನುತ್ತಿದ್ದವರಿಗೆ ಹೊಟ್ಟೆಯೊಳಗಿನ ಕೊಬ್ಬು ಸೇರುವ ವೇಗ ಶೇಕಡಾ 3.7 ಕಡಿಮೆ ಇತ್ತು. ಅಂಥವರು ಓಡಾಡುವುದೂ ಜಾಸ್ತಿ ಇರಬಹುದು, ಹಾಗಾಗಿ ಪೂರ್ತಿ ಶ್ರೇಯಸ್ಸು ನಾರಿಗೇ ಕೊಡೋಕಾಗಲ್ಲ. 2015ರದ್ದು ಇನ್ನೂ ಇಷ್ಟ ನನಗೆ. 240 ಜನರಲ್ಲಿ ಅರ್ಧ ಜನಕ್ಕೆ ಪಥ್ಯದ ಉದ್ದ ಪಟ್ಟಿ ಕೊಟ್ಟರು, ಉಳಿದವರಿಗೆ ದಿನಕ್ಕೆ 30 ಗ್ರಾಂ ನಾರು ತಿನ್ನಿ ಅಂತ ಒಂದೇ ಮಾತು ಹೇಳಿದರು. ವರ್ಷ ಕಳೆದಾಗ ಪಟ್ಟಿಯವರು 2.7 ಕೆಜಿ ಇಳಿದಿದ್ದರು, ಒಂದೇ ಮಾತಿನವರು 2.1 ಕೆಜಿ.

ಬಿಟ್ಟರೆ ತೂಕ ವಾಪಸ್ ಬರುತ್ತಾ?

ಇಸಬ್ಗೋಲ್ ನಿಲ್ಲಿಸಿದ್ದಕ್ಕೇ ಬರುವುದಿಲ್ಲ. ಹಸಿವು ಮೊದಲಿನಂತಾಗಿ, ಊಟವೂ ಮೊದಲಿನಷ್ಟೇ ಆದರೆ ಬರುತ್ತದೆ. ಒಂದೇ ದಿನ ಎರಡೂ ಲೋಟ ನಿಲ್ಲಿಸಬೇಡಿ. ಮೊದಲು ಕಷ್ಟ ಇಲ್ಲದ ಊಟದ್ದನ್ನು ಬಿಡಿ, ಆ ಜಾಗಕ್ಕೆ ಒಂದು ಬಟ್ಟಲು ಕಾಳು ಪಲ್ಯವೋ ಕೋಸಂಬರಿಯೋ ತಂದುಕೊಳ್ಳಿ, ಅದನ್ನೇ ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಎರಡು ಮೂರು ವಾರ ಟೇಪ್ ನೋಡಿ ಇನ್ನೊಂದನ್ನೂ ಬಿಡಬಹುದು. ಬಿಡಲೇಬೇಕು ಅಂತೇನೂ ಇಲ್ಲ. ಮೋಷನ್‌ಗೆ, ಕೊಲೆಸ್ಟ್ರಾಲ್‌ಗೆ ಅಂತ ವರ್ಷಗಟ್ಟಲೆ ತಗೊಳ್ಳುವವರಿದ್ದಾರೆ, ಇದು ಚಟವಾಗುವ ವಸ್ತುವಲ್ಲ.

ಮಳೆಗಾಲದಲ್ಲಿ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಗಂಟು ಕಟ್ಟುತ್ತದೆ. ಗಂಟು ಕಟ್ಟಿ ವಾಸನೆ ಬಂದರೆ ಎಸೆಯಿರಿ. ತೆರೆದ ಡಬ್ಬಿಯನ್ನು ವಾಪಸ್ ತಂದರೆ ಮಾತ್ರ ನಾನು ತಗೊಳ್ಳಲ್ಲ, ಮೊದಲೇ ಹೇಳಿರ್ತೀನಿ.